ಭಾವನ ಅಂಗಡಿಯ ಒದ್ದೆ ಟವೆಲ್

ಯುಗಾದಿ ಮುಗಿದು ಹೊಸತೊಡಕಿನ ದಿನ ನಮ್ಮ ಅತ್ತೆ ಕೆಂಡದ ಮೇಲೆ ಸುಟ್ಟ ಕುರಿಯ ಲಿವರ್ ತಿಂದರು. ಮಾರನೆಯ ದಿನ ಚಿಂತಾಮಣಿಯ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಂಡು ಮಲಗಿದರು. ಲಿವರ್ ತಂದವರು ನನ್ನ ಗಂಡನ ದೊಡ್ಡಪ್ಪನ ಮಗ, ಊರಿನಲ್ಲಿ ಮಟನ್ ಅಂಗಡಿ ಇಟ್ಟಿರುವ ಭಾವ. ಹಿತ್ತಲಲ್ಲಿ ಕೆಂಡ ಮಾಡಿ, ಹೊರಗೆ ಕಪ್ಪಾಗಿ ಒಳಗಿನ್ನೂ ಕೆಂಪಗಿದ್ದಾಗಲೇ "ಮೊದಲ ತುಂಡು ಚಿಕ್ಕಮ್ಮಂಗೆ" ಎಂದು ಕೊಟ್ಟವರೂ ಅವರೇ. ಹಬ್ಬದ ಮೊದಲ ತುಂಡು ಮನೆಯ ಹಿರಿಯರಿಗೆ, ನಮ್ಮಲ್ಲಿ ಹಾಗೆ. ನಾನು ಮಾಡಿದ ಸಾರನ್ನು ಮಿಕ್ಕ ಹದಿನಾರು ಜನ ಉಂಡಿದ್ದರು. ಅವರಲ್ಲಿ ಒಬ್ಬರಿಗೂ ಏನೂ ಆಗಿರಲಿಲ್ಲ.

ಆದರೂ ಆಸ್ಪತ್ರೆಯ ವರಾಂಡದಲ್ಲಿ ನೆಂಟರೆಲ್ಲ ಸೇರಿದ್ದಾಗ ಭಾವ ಅಂದದ್ದು ಇದು: "ನಮ್ ಮಾಂಸಕ್ಕೆ ಕಸಾಯಿಖಾನೆ ಸೀಲ್ ಐತೆ. ಡಾಕ್ಟ್ರೇ ನೋಡಿ ಹೊಡ್ಸಿರೋ ಸೀಲು. ನಮ್ ಕಾನ್ವೆಂಟ್ ಅಮ್ಮನ ಅಡಿಗೆಮನೇಲಿ ಯಾವ ಪಾತ್ರೆ ತೊಳ್ದಿರ್ಲಿಲ್ವೋ!"

ಕಾನ್ವೆಂಟಿನಲ್ಲಿ ಓದಿದ ನನ್ನತ್ತ ನೋಡಿ ಇಬ್ಬರು ಮೂವರು ನಕ್ಕರು. ಯಾರು ಯಾರು ನಕ್ಕರು ಎಂಬುದು ನನಗೆ ಈಗಲೂ ನೆನಪಿದೆ.

ಮನೆಗೆ ಬಂದ ಅತ್ತೆ ಮುಖ ನೋಡದೆ ಹೇಳಿದರು: "ಇನ್ಮೇಲೆ ಬಾಡು ನೀನು ಮುಟ್ಬೇಡ ಕಣಮ್ಮ. ಪಿತೃಪಕ್ಷದಲ್ಲಿ ಹಿರಿಯರ ಎಡೆಗೂ ನಿಮ್ ಭಾವನ ಹೆಂಡ್ತೀನೇ ಮಾಡ್ಲಿ." ಹದಿನೆಂಟು ವರ್ಷ ಆ ಎಡೆಗೆ ಮಸಾಲೆ ಅರೆದವಳು ನಾನು.

ನಾನು ಜೋರಾಗಿ ಮಾತನಾಡುವವಳಲ್ಲ. ಶಾಲೆಯಲ್ಲಿ ಸಿಸ್ಟರ್‌ಗಳು ಕ್ಷಮಿಸುವುದನ್ನೂ ಉಗುರು ಕತ್ತರಿಸಿಕೊಳ್ಳುವುದನ್ನೂ ಕಲಿಸಿದ್ದರು. ಎರಡನೆಯದು ಮಾತ್ರ ಚೆನ್ನಾಗಿ ಬಂತು.

ಪ್ರತಿ ಭಾನುವಾರ ಭಾವನ ಅಂಗಡಿಯ ಮುಂದೆ ಸಾಲಿನಲ್ಲಿ ನಿಲ್ಲತೊಡಗಿದೆ.

"ಏಮಮ್ಮಾ, ಸೊಪ್ಪಿನ ಸಾರು ಬೇಜಾರಾಯ್ತಾ?"

"ನಾಯಿಗೆ ಎಲುಬು ಕೊಡಿ ಭಾವ."

ನಮ್ಮ ಮನೆಯಲ್ಲಿ ನಾಯಿ ಇಲ್ಲವೆಂಬುದು ಅವರಿಗೆ ಹೊಳೆಯಲೇ ಇಲ್ಲ. ನನ್ನ ಕಣ್ಣು ಅವರ ಹೆಗಲ ಮೇಲಿನ ಗುಲಾಬಿ ಅಂಚಿನ ಟವೆಲ್ ಮೇಲಿತ್ತು. ಅದರಲ್ಲಿ ಕತ್ತಿ ಒರೆಸುವರು, ಮಾಂಸ ಕಡಿಯುವ ದಿಮ್ಮಿ ಒರೆಸುವರು, ಕುತ್ತಿಗೆಯ ಬೆವರು ಒರೆಸುವರು. ನೇತುಹಾಕಿದ ಕುರಿ ಬಿಸಿಲಿಗೆ ಒಣಗಿತೆನಿಸಿದರೆ ಅದನ್ನೇ ಬಕೆಟ್ಟಿನಲ್ಲಿ ಅದ್ದಿ, ಹಿಂಡಿ, ಕುರಿಯ ಮೈಯನ್ನೆಲ್ಲ ಸವರುವರು. ಮಾಂಸ ಫಳಫಳ ಹೊಳೆಯುತ್ತಿತ್ತು. ಗಿರಾಕಿಗಳು ಹೊಳೆಯುವುದನ್ನೇ ಕೇಳುತ್ತಿದ್ದರು. ಬಕೆಟ್ಟಿನ ನೀರನ್ನು ಬದಲಾಯಿಸಿದ್ದನ್ನು ನಾನು ಒಮ್ಮೆಯೂ ಕಾಣಲಿಲ್ಲ.

ನಗರಸಭೆಯ ಪರವಾಗಿ ಮಾಂಸ ಪರೀಕ್ಷಿಸುತ್ತಿದ್ದ ಪಶುವೈದ್ಯೆಯನ್ನು ಹೋಗಿ ಕಂಡೆ.

"ಕಸಾಯಿಖಾನೇಲಿ ಕುರಿ ತೊಡೆ, ಎದೆ ಮೇಲೆ ಹತ್ತಿ ಕಡ್ಡಿ ಉಜ್ಜಿ ಲ್ಯಾಬಿಗೆ ಕಳಿಸ್ತೀವಿ. ಬ್ಯಾಕ್ಟೀರಿಯಾ ಎಷ್ಟಿದೆ ಅಂತ ಅಲ್ಲಿ ನೋಡ್ತಾರೆ. ಚೆನ್ನಾಗೇ ಬರ್ತಿದೆಯಲ್ಲಮ್ಮ?" ಎಂದರು.

"ಅಲ್ಲಿ ಚೆನ್ನಾಗೇ ಇರುತ್ತೆ ಡಾಕ್ಟ್ರೇ. ಅಂಗಡಿಗೆ ಬಂದ್ಮೇಲೆ ಅದೇ ಕುರಿಗೆ ಇನ್ನೊಂದ್ಸಲ ಉಜ್ಜಿ ನೋಡಿ. ಟವೆಲ್ಲಿಗೂ."

ಅವರು ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು.

ಮುಂದಿನ ಭಾನುವಾರ ಐಸ್ ಡಬ್ಬಿ ಹಿಡಿದು ಬಂದೇಬಿಟ್ಟರು. ಸಾಲಿನಲ್ಲಿ ನಾನು ಮೂರನೆಯವಳು. ಭಾವ ದಡಬಡ ಎದ್ದು, "ಬನ್ನಿ ಮೇಡಂ, ಒಂದ್ ನಿಮಿಷ, ಕ್ಲೀನ್ ಮಾಡ್ಕೊಡ್ತೀನಿ" ಎಂದು ಮರ್ಯಾದೆಗಾಗಿ ಕುರಿಯನ್ನು ಆ ಟವೆಲ್ಲಿನಿಂದಲೇ ಮೇಲಿನಿಂದ ಕೆಳಗಿನವರೆಗೆ ಒರೆಸಿದರು. ತೊಡೆಯ ಸಂದಿಯನ್ನೂ ಬಿಡಲಿಲ್ಲ. ಭಾವ ಮುಗಿಸುವತನಕ ಡಾಕ್ಟರು ಕಾದಿದ್ದು, ಒರೆಸಿದ ಜಾಗಕ್ಕೇ ಕಡ್ಡಿ ಉಜ್ಜಿದರು. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡೆ.

ವರದಿ ಬಂತು; ಡಾಕ್ಟರು ನನಗೂ ಒಂದು ಪ್ರತಿ ಕೊಟ್ಟರು. ಬೆಳಿಗ್ಗೆ ಕಸಾಯಿಖಾನೆಯಲ್ಲಿ ಶುದ್ಧವಾಗಿದ್ದ ಕುರಿ ಅಂಗಡಿಯಲ್ಲಿ ಮಲದ ಬ್ಯಾಕ್ಟೀರಿಯಾ ಹೊತ್ತು ನಿಂತಿತ್ತು. ಟವೆಲ್ ಅದಕ್ಕಿಂತ ಕಡೆ. ಎಲ್ಲ ತೊಳೆದು ಮರುಪರೀಕ್ಷೆ ಆಗುವವರೆಗೆ ಅಂಗಡಿ ಮುಚ್ಚಿಸಿದರು. "ಹೊಸತೊಡಕಿನ ದಿನ ಏನಾಯ್ತು ಅಂತ ಇದು ಹೇಳಲ್ಲಮ್ಮ" ಎಂದು ಡಾಕ್ಟರು ಪ್ರಾಮಾಣಿಕವಾಗಿ ಎಚ್ಚರಿಸಿದರು. ನನಗೆ ಅಷ್ಟು ಸಾಕಾಗಿತ್ತು.

ಪಿತೃಪಕ್ಷ ಹತ್ತಿರವಾದಾಗ ಭಾವ ಮನೆಗೆ ಬಂದರು. "ನೀನು ಓದಿದೋಳು. ಬೇಗ ಬಂದು ನೋಡ್ಲಿ ಅಂತ ಡಾಕ್ಟ್ರಮ್ಮಂಗೆ ಒಂದ್ ಮಾತು ಹೇಳು ತಾಯಿ."

"ಹೇಳ್ತೀನಿ ಭಾವ. ಅವತ್ತು ಆಸ್ಪತ್ರೇಲಿ ಇದ್ದೋರನ್ನೆಲ್ಲ ಕರ್ದು, ಮೊದ್ಲು ಈ ಲ್ಯಾಬ್ ವರದೀನ ಓದಿ."

"ಇಂಗ್ಲೀಷಲ್ಲೈತಲ್ಲ!"

"ಕನ್ನಡದಲ್ಲಿ ಬರ್ದಿಟ್ಟಿದೀನಿ."

ದುಂಡು ಅಕ್ಷರದಲ್ಲಿ, ಸಾಲಿಗೆ ಸಾಲು ಜಾಗ ಬಿಟ್ಟು ಬರೆದಿದ್ದೆ. ಸಂಜೆ ನಮ್ಮ ಹಜಾರದಲ್ಲಿ, ಅಂದು ನಕ್ಕವರ ಮುಂದೆಯೇ ಭಾವ ಓದಿದರು. 'ಮಲ' ಎಂಬಲ್ಲಿ ದನಿ ಇಳಿಯಿತು.

"ಸ್ವಲ್ಪ ಜೋರಾಗಿ ಭಾವ, ಅತ್ತೆಗೆ ಕಿವಿ ಮಂದ" ಎಂದೆ. ಅತ್ತೆಯ ಕಿವಿ ಚೆನ್ನಾಗಿಯೇ ಇತ್ತು. ಭಾವ ಮತ್ತೊಮ್ಮೆ, ಜೋರಾಗಿ ಓದಿದರು. ಆಮೇಲೆ ನಾನು ಕೇಳದೆಯೇ, "ಅವಳ ಪಾತ್ರೆದೇನೂ ತಪ್ಪಿಲ್ಲ, ನಾನೇ ಬಾಯಿಗೆ ಬಂದಂಗೆ ಅಂದುಬಿಟ್ಟೆ" ಎಂದರು.

"ಎಡೆಗೆ ನೀನೇ ಮಾಡಮ್ಮ" ಎಂದರು ಅತ್ತೆ.

ಬೇರೆ ಅಂಗಡಿಯಿಂದ ಮಾಂಸ ತರಿಸಿ ಅಡಿಗೆ ಮಾಡಿದೆ. ಎಡೆ ಇಟ್ಟು ಪಂಕ್ತಿಗೆ ಬಡಿಸುವಾಗ ಭಾವನ ಎಲೆಯ ಮುಂದೆ ನಿಂತು, ಬೇಡವೆಂದರೂ ಎರಡನೆಯ ಸಲ ಹಾಕಿ, ಅವರು ಕೊನೆಯ ಎಲುಬು ಚೀಪುವತನಕ ಕದಲಲಿಲ್ಲ.

"ಡಾಕ್ಟ್ರಮ್ಮಂಗೆ ಹೇಳ್ದೇನಮ್ಮ?" ಎಂದು ಮೆಲ್ಲಗೆ ಕೇಳಿದರು.

"ಹಬ್ಬ ಕಳೀಲಿ ಭಾವ" ಎಂದೆ.