ಕೈಯಲ್ಲಿ ಹಿಡಿದ ವೀಳ್ಯ

ಹಲಗೆಯ ಸದ್ದು. ಮೊದಲು ದೂರದಲ್ಲಿ ಎರಡು ಏಟು, ಆಮೇಲೆ ಏನೂ ಇಲ್ಲ, ಆಮೇಲೆ ನಮ್ಮ ಕಿಟಕಿಯ ಕೆಳಗೇ ಡಬ್ ಡಬ್ ಡಬ್ ಡಬ್. ಮದುವೆಯಾಗಿ ಮಂಗಳೂರಿನಿಂದ ಜಮಖಂಡಿಗೆ ಬಂದ ಮೂರನೆಯ ಬೆಳಿಗ್ಗೆ ನನಗೆ ಎಚ್ಚರವಾದದ್ದು ಆ ಸದ್ದಿಗೆ. ನಮ್ಮ ಕಡೆ ಬೀದಿಯಲ್ಲಿ ಹಾಗೆ ಬಡಿದುಕೊಂಡು ಬಂದರೆ ಒಂದೋ ಪ್ಲೇಗು, ಇಲ್ಲವೇ ಜಪ್ತಿ. ನಾನು ಬಾಗಿಲಿಗೆ ಅಗುಳಿ ಹಾಕಿ, ಅದಕ್ಕೆ ಬೆನ್ನು ಕೊಟ್ಟು ನಿಂತೆ.

ಹೊರಗೆ ಡಂಗುರದವನು ಕೂಗುತ್ತಿದ್ದ: "ಕೇಳ್ರೆಪೋ ಕೇಳ್ರಿ! ಬರೂ ಸೋಮವಾರ ಮಧ್ಯಾಹ್ನ ಬನಹಟ್ಟಿ ನೇಕಾರ ಓಣ್ಯಾಗ ಹಾಡಿಕಿ ಐತಿ! ಬೀಳಗಿ ಸಿದ್ದಪ್ಪನ ಮ್ಯಾಳ, ನಮ್ಮೂರ ತುಂಗವ್ವನ ಮ್ಯಾಳ! ಆಮ್ಯಾಲ ಕೇಳಿಲ್ಲ ಅನಬ್ಯಾಡ್ರಿ!"

ನನ್ನ ಯಜಮಾನರು ಸಂಸ್ಥಾನದ ದವಾಖಾನೆಯಲ್ಲಿ ಡಾಕ್ಟರು. ಅರ್ಧ ಶೇವಿಂಗ್ ಮಾಡಿದ ಮುಖದಲ್ಲೇ ನಕ್ಕರು. "ಪ್ಲೇಗಲ್ಲ ಮಾರಾಯ್ತಿ, ಮ್ಯೂಸಿಕ್," ಎಂದರು.

ಕಾನ್ವೆಂಟಿನಲ್ಲಿ ಕಾನ್ಸರ್ಟ್ ಎಂದರೆ ಅಚ್ಚು ಹಾಕಿದ ಪ್ರೋಗ್ರಾಂ. ಮದರ್ ಸುಪೀರಿಯರ್ ಸಹಿ ಮಾಡದೆ ಒಂದು ಹಾಡಿನ ಸಾಲೂ ಬದಲಾಗುತ್ತಿರಲಿಲ್ಲ. ಇಲ್ಲಿ ಕಾಗದವೇ ಇಲ್ಲ. ಮುಂದಿನ ವಾರ ಎಲ್ಲಿ ಏನು ಎನ್ನುವುದು ಹಲಗೆಯವನ ಬಾಯಲ್ಲಿ, ಸಂತೆಯ ಹೆಂಗಸರ ಬಾಯಲ್ಲಿ, ಬನಹಟ್ಟಿಯಿಂದ ಸೀರೆ ಹೊತ್ತು ಬರುವವರ ಬಾಯಲ್ಲಿ. ಮುಧೋಳದ ಅರಮನೆಯಲ್ಲಿ ಯಾರೋ ಮೀರಜಿನ ಗವಾಯಿ ಹಾಡುತ್ತಾರೆ ಎನ್ನುವ ಸುದ್ದಿ ನಮಗೆ ಮುಟ್ಟಿದ್ದು ದವಾಖಾನೆಗೆ ಹಲ್ಲು ಕೀಳಿಸಿಕೊಳ್ಳಲು ಬಂದ ಒಬ್ಬ ಜವಾನನಿಂದ. ಪಾಪ, ಅವನಿಗೆ ಸರಿಯಾಗಿ ಹೇಳಲೂ ಆಗುತ್ತಿರಲಿಲ್ಲ.

ಉಳಿದದ್ದನ್ನು ಮಂಗಳೂರಿನಲ್ಲೇ ಇರುವ ನಿಮಗೆ ಹೇಗೆ ಹೇಳಲಿ? ನಮ್ಮ ಹೆಂಚಿನ ಮಾಡಿನ ಬದಲು ಮಣ್ಣಿನ ಮಾಳಿಗೆ, ನಡುವೆ ಒಂದು ಬೆಳಕಿಂಡಿ. ಆ ಕಿಂಡಿಯಿಂದ ಬಿದ್ದ ಬಿಸಿಲಿನ ತುಂಡು ದಿನವಿಡೀ ನೆಲದ ಮೇಲೆ ನಡೆಯುತ್ತಿತ್ತು, ನಾನು ಅದರ ಹಿಂದೆ ಹಿಂದೆ ನಡೆಯುತ್ತಿದ್ದೆ. ಮಾತಾಡುವವರಿಲ್ಲ. ನನ್ನ ಪುಸ್ತಕದ ಕನ್ನಡ ಕೇಳಿದರೆ ತರಕಾರಿಯವಳು ಸೆರಗು ಬಾಯಿಗಿಟ್ಟು ನಗುತ್ತಿದ್ದಳು. ಕುಸುಬಲಕ್ಕಿ ಇಲ್ಲ, ಮೀನು ಇಲ್ಲ. ಜೋಳದ ರೊಟ್ಟಿ ತಟ್ಟಲು ಹೋದರೆ ಅದು ನನ್ನ ಕೈಯಲ್ಲಿ ಭೂಪಟವಾಗುತ್ತಿತ್ತು.

ರೊಟ್ಟಿ ಕಲಿಸಿದವಳು ತುಂಗವ್ವ. ಡಂಗುರದವನು ಕೂಗಿದ್ದ ಅದೇ ತುಂಗವ್ವ. ಅವಳ ಮನೆ ನಮ್ಮ ಹಿತ್ತಲಿನಾಚೆ. "ಬಾಯಾರ, ಅದನ್ನ ಹೆದರಿಸಬ್ಯಾಡ್ರಿ, ಹಗೂರಕ ಬಡೀರಿ, ಕೂಸಿನ ಬೆನ್ನ ಬಡದಂಗ," ಎನ್ನುತ್ತಿದ್ದಳು. ಬಾಯಾರ ಅಂದರೆ ನಮ್ಮ ಕಡೆಯ ಅಮ್ಮಾವರು. ತುಂಗವ್ವ ಗಟ್ಟಿ ಆಳು, ನಲವತ್ತರ ಹತ್ತಿರ. ಅವಳದು ನಾಗೇಶಿ ಪಕ್ಷ, ಅಂದರೆ ಹೆಣ್ಣೇ ಹೆಚ್ಚು ಎಂದು ವಾದಿಸಿ ಹಾಡುವವರದು. ಎದುರಿನ ಹರದೇಶಿಯವರು ಗಂಡೇ ಹೆಚ್ಚು ಎನ್ನುತ್ತಾರೆ. ಒಬ್ಬರು ಹಾಡಿನಲ್ಲಿ ಪ್ರಶ್ನೆ ಎಸೆದರೆ ಇನ್ನೊಬ್ಬರು ಹಾಡಿನಲ್ಲೇ ಬಿಡಿಸಬೇಕು. ಕೈಯಲ್ಲಿ ಬಡಿಯಲು ದಪ್ಪು ಎಂಬ ಚರ್ಮವಾದ್ಯ, ಹಿಂದೆ ಇಬ್ಬರ "ಗೀ ಗೀ" ದನಿ.

ಅವಳಿಗೆ ಓದು ಬರಹ ಬಾರದು. ಹಾಗಾಗಿ ನಾನೇ ನನ್ನ ಎಕ್ಸರ್ಸೈಜ್ ಬುಕ್ಕಿನಲ್ಲಿ ಅವಳ ಎಂಗೇಜ್ಮೆಂಟುಗಳನ್ನು ಬರೆದಿಡತೊಡಗಿದೆ. ಅವಳೇನೂ ಕೇಳಿಕೊಂಡಿರಲಿಲ್ಲ. "ನನಗ ಎಲ್ಲಾ ನೆನಪ ಇರತಾವರಿ. ನಿಮಗ ಹೊತ್ತ ಹೋಗವಲ್ದು, ಬರೀರಿ," ಎಂದಿದ್ದಳು. ಕಾರಹುಣ್ಣಿಮೆಯ ಮುಂದೆ ನಾನು ದುಂಡಗಿನ ಅಕ್ಷರದಲ್ಲಿ ಬರೆದೆ: ಮುಧೋಳ.

ಆ ಹುಣ್ಣಿಮೆಗೆ ಇನ್ನೂ ಹತ್ತು ದಿನವಿರುವಾಗ ಅದೇ ದಿನದ ಹಾಡಿಕೆಗೆ ತುಂಗವ್ವನನ್ನು ಕರೆಯಲು ತೇರದಾಳದಿಂದ ಇಬ್ಬರು ಹಿರಿಯರು ಬಂದರು. ತುಂಗವ್ವ ಮನೆಯಲ್ಲಿರಲಿಲ್ಲ. ಓಣಿಯವರು ನಮ್ಮ ಮನೆ ತೋರಿಸಿದ್ದರು. ಅವರು ತಟ್ಟೆಯಲ್ಲಿ ಎಲೆ, ಅಡಿಕೆ, ಒಂದು ತೆಂಗಿನಕಾಯಿ ಇಟ್ಟು ಮುಂದೆ ಚಾಚಿದರು. "ತುಂಗವ್ವ ಬಂದ ಮೇಲೆ ಕೇಳಿ ಹೇಳುತ್ತೇನೆ," ಎಂದು ನಾನು ಸ್ಪಷ್ಟವಾಗಿಯೇ ಹೇಳಿದೆ. ಹೇಳುತ್ತಲೇ ಎರಡೂ ಕೈಯಿಂದ ತಟ್ಟೆ ತೆಗೆದುಕೊಂಡೆ. ಮನೆಗೆ ಬಂದವರು ವೀಳ್ಯ ಕೊಟ್ಟರೆ ಬೇಡ ಎನ್ನುವುದು ನಮ್ಮ ಕಡೆ ಮರ್ಯಾದೆಯಲ್ಲ. ಅವರಿಬ್ಬರ ಮುಖ ಅರಳಿತು, ಕೈ ಮುಗಿದು ಹೋದರು. ನನ್ನ ಎಟಿಕೆಟ್ಟಿಗೆ ನಾನೇ ಮಾರ್ಕು ಕೊಟ್ಟುಕೊಂಡೆ.

ಮೂರು ದಿನದ ಮೇಲೆ ಮತ್ತೆ ಹಲಗೆ. "ಕಾರಹುಣ್ಣಿವಿ ದಿನ ತೇರದಾಳದಾಗ ತುಂಗವ್ವನ ಮ್ಯಾಳ!"

ತುಂಗವ್ವ ಹಿತ್ತಲ ಬಾಗಿಲಿನಿಂದಲೇ ನುಗ್ಗಿದಳು. "ನನ್ನ ವೀಳ್ಯ ಯಾರ ಹಿಡದ್ರು?"

"ನಾನು. ಆದರೆ ನಾನು ಒಪ್ಪಲಿಲ್ಲ ತುಂಗವ್ವಾ. ನಿನ್ನನ್ನು ಕೇಳಿ ಹೇಳುತ್ತೇನೆ ಅಂದೆ. ಬೇಕಾದರೆ ಬುಕ್ಕು ನೋಡು, ಮುಧೋಳ ಅಂತಲೇ ಇದೆ."

"ಬುಕ್ಕ ಒಲಿಯಾಗ ಹಾಕು! ಏನ ಮಾಡಿದಿ ಬೇ! ಬಾಯಿ ಏನರ ಅನ್ನಲಿ, ಕೈ ಹಿಡೀತಿಲ್ಲೋ? ಹಿಡದ ಕೈನ ಮಾತು. ಒಂದ ದಿನಕ್ಕ ಎರಡ ವೀಳ್ಯ ಹಿಡದಾಕಿ ಅಂದ್ರ ನಾಳೆ ಯಾವ ಊರಾಗ ನನ್ನ ಹೆಸರಿಲೆ ಹಲಗಿ ಬಡೀತಾರ?"

ಅದುವರೆಗೆ ಅವಳು ನನ್ನನ್ನು ಏಕವಚನದಲ್ಲಿ ಕರೆದದ್ದಿಲ್ಲ. ನಾನು ಅಳತೊಡಗಿದೆ. ಅವಳು ಕಟ್ಟೆಯ ಮೇಲೆ ಕುಳಿತು ಲೆಕ್ಕ ಹಾಕಿದಳು. ಮುಧೋಳದಲ್ಲಿ ಹಾಡಿಕೆ ಬೆಳಿಗ್ಗೆ, ತೇರದಾಳದಲ್ಲಿ ಎತ್ತಿನ ಮೆರವಣಿಗೆಗೆ ಮುಂಚೆ, ಮಧ್ಯಾಹ್ನ. ನಡುವೆ ಸರ್ವಿಸ್ ಮೋಟಾರು ಸಿಕ್ಕರೆ ಮುಟ್ಟಬಹುದು. ಆದರೆ ಎದುರಿನವರು ಮೊದಲ ಪ್ರಶ್ನೆ ಹಾಡುವಾಗ ಒಂದು ಪಕ್ಷದವರು ಕೂರುವ ಜಮಖಾನ ಖಾಲಿ ಇದ್ದರೆ ಆ ಪಕ್ಷ ಸೋತಂತೆ.

"ವೀಳ್ಯ ಹಿಡದ ಕೈ ನಿಮ್ದು," ಎಂದಳು. ಮತ್ತೆ ಬಹುವಚನ. "ನಾ ಬರೂಮಟ ನೀವ ಕುಂದರ್ರಿ ಜಮಖಾನದ ಮ್ಯಾಲ."

ಯಜಮಾನರಿಗೆ ಹೇಳಲು ನನಗೆ ಎರಡು ದಿನ ಬೇಕಾಯಿತು. ಡಾಕ್ಟರರ ಹೆಂಡತಿ ಹಾಡುವವರ ಜಮಖಾನದ ಮೇಲೆ! ಅವರು ತುಂಬ ಹೊತ್ತು ಸ್ಟೆತಾಸ್ಕೋಪ್ ಒರೆಸಿದರು. "ತೇರದಾಳ ಸಾಂಗಲಿ ಸಂಸ್ಥಾನದವರದು. ನಮ್ಮ ಸಾಹೇಬರ ಕಣ್ಣು ಅಲ್ಲಿಯವರೆಗೆ ಹೋಗುವುದಿಲ್ಲ. ಹೋಗಿ ಬಾ," ಎಂದರು. ಆ ಸೀಮೆಯಲ್ಲಿ ಹತ್ತು ಹದಿನೈದು ಮೈಲಿಗೊಂದು ಸಂಸ್ಥಾನ ಇದ್ದದ್ದು ನನಗೆ ಉಪಕಾರವಾದದ್ದು ಅದೊಂದೇ ಸಲ.

ಹುಣ್ಣಿಮೆಯ ಮಧ್ಯಾಹ್ನ ತೇರದಾಳದ ಬೇವಿನ ಗಿಡದ ಕೆಳಗೆ ಕುಳಿತಿದ್ದೆ. ಪಕ್ಕದಲ್ಲಿ ತುಂಗವ್ವನ ಹಿಮ್ಮೇಳದ ಇಬ್ಬರು ಹೆಂಗಸರಲ್ಲಿ ಒಬ್ಬಳು, ಗಂಗವ್ವ. ಇನ್ನೊಬ್ಬಳು ಮುಧೋಳಕ್ಕೆ ಹೋಗಿದ್ದಳು. ಕೊಂಬಿಗೆ ಬಣ್ಣ ಬಳಿದ ಎತ್ತುಗಳು ಒಂದು ಕಡೆ, ಜನ ಒಂದು ಕಡೆ. ಎಲ್ಲರ ಕಣ್ಣೂ ನನ್ನ ಶೂಸಿನ ಮೇಲೆ. ಗಂಗವ್ವ ಪಿಸುಗುಟ್ಟಿದಳು, "ಮೊದಲ ಅವನ್ನ ಬಿಚ್ಚರಿ ಬಾಯಾರ."

ಮುಧೋಳದ ಮೋಟಾರು ಇನ್ನೂ ಬಂದಿರಲಿಲ್ಲ. ಬೀಳಗಿ ಸಿದ್ದಪ್ಪ ಎದ್ದ. ಬಿಳಿ ಮೀಸೆ, ಹಳದಿ ರುಮಾಲು. ದಪ್ಪು ಬಡಿದು ನನ್ನ ಕಡೆಗೇ ತಿರುಗಿದ:

"ಕಡಲ ದಂಡಿಂದ ಬಂದ ತಂಗಿ, ಕೇಳ ನನ್ನ ಮಾತ,
ಬೀಜ ಮೊದಲೋ ನೆಲ ಮೊದಲೋ ಬಿಡಿಸಿ ಹೇಳ ಕೂತ!"

ನಾನು ಎದ್ದು ನಿಂತೆ. ತಪ್ಪು ನನ್ನದು, ತುಂಗವ್ವ ಬರುತ್ತಾಳೆ ಎಂದು ಹೇಳಬೇಕೆಂದಿದ್ದೆ. ಬಾಯಿಂದ ಬಂದದ್ದು ಕಾನ್ವೆಂಟಿನ ಬೆಳಗಿನ ಪ್ರಾರ್ಥನೆ, ಇಂಗ್ಲಿಷಿನಲ್ಲಿ. ಹನ್ನೊಂದು ವರ್ಷ ದಿನಾ ಹಾಡಿದ್ದು. ಅದಕ್ಕೆ ನನ್ನ ಅಪ್ಪಣೆ ಬೇಕಿರಲಿಲ್ಲ. ಮೊದಲ ಸಾಲು ಮುಗಿದದ್ದೇ ಗಂಗವ್ವ ಹಿಂದಿನಿಂದ ದನಿ ಎತ್ತಿದಳು: "ಗೀ ಗೀ ಗಾ ಗೀ!" ಎರಡನೆಯ ಸಾಲಿಗೆ ಅರ್ಧ ಊರೇ ದನಿಗೂಡಿಸಿತು. ಮದರ್ ಸುಪೀರಿಯರ್ ಅದನ್ನು ಕೇಳದೇ ಇದ್ದದ್ದು ದೇವರ ದಯೆ.

ಪ್ರಾರ್ಥನೆಗೆ ನಾಲ್ಕೇ ಚರಣ. ನಾನು ಮೂರು ಸಲ ಹಾಡಿದೆ.

"ಸಿದ್ದಪ್ಪಣ್ಣಾ, ಇದಕ್ಕೇನಂತಿ?" ಎಂದು ಯಾರೋ ಕೂಗಿದರು.

"ಏನನ್ನೂದು, ಬೈದಾಳೋ ಹೊಗಳ್ಯಾಳೋ ಒಂದೂ ತಿಳೀವಲ್ದು. ಆದ್ರ ಜಮಖಾನ ಖಾಲಿ ಇಲ್ಲಪಾ," ಎಂದ ಸಿದ್ದಪ್ಪ. ಅಷ್ಟರಲ್ಲಿ ಜನ ಸರಿದು ದಾರಿ ಬಿಟ್ಟರು. ತುಂಗವ್ವ. ರೆಪ್ಪೆಯವರೆಗೂ ಕೆಂಪು ಧೂಳು, ಕೈಯಲ್ಲಿ ದಪ್ಪು. ಮುಖವನ್ನೂ ಒರೆಸದೆ ನನ್ನ ಪಕ್ಕ ನಿಂತು, ಪ್ರಶ್ನೆ ಏನೆಂದು ಗಂಗವ್ವನ ಕಿವಿಯಲ್ಲಿ ಕೇಳಿ, ಎತ್ತಿಕೊಂಡಳು: "ಬೀಜ ಬೀಳೂದೆಲ್ಲಿ ಅಣ್ಣಾ, ನೆಲ ಇಲ್ಲದಿದ್ದರ?"

ವಾಪಸು ಚಕ್ಕಡಿಯಲ್ಲಿ ಬರುವಾಗ ಅವಳು ನನಗೆ ಶಾಬಾಸ್ ಎನ್ನಲಿಲ್ಲ. "ಮುಧೋಳದಾಗ ಒಂದ ಪದ ಕಡಿಮಿ ಹಾಡಿ ಬಂದೆ. ಅವರು ಅಂದ್ರು, ನಾ ಕೇಳಿಸ್ಕೊಂಡೆ," ಎಂದಷ್ಟೇ ಹೇಳಿದಳು. ಮರುವರ್ಷ ಮುಧೋಳದವರು ಅವಳಿಗೆ ವೀಳ್ಯ ತರಲಿಲ್ಲ. ಆ ಸಾಲನ್ನು ನನ್ನ ಬುಕ್ಕಿನಲ್ಲಿ ಖಾಲಿ ಬಿಟ್ಟೆ. ಅದರ ಮುಂದಿನ ವರ್ಷ ತಂದರು.

ಸಂಸ್ಥಾನಗಳು ವಿಲೀನವಾದಾಗ ಯಜಮಾನರಿಗೆ ಧಾರವಾಡಕ್ಕೆ ವರ್ಗವಾಯಿತು. ಅಂದಿನಿಂದ ಇಲ್ಲೇ ಇದ್ದೇನೆ. ಮಂಗಳೂರಿಗೆ ಬಂದರೆ ನೀವು ನನ್ನನ್ನು ಘಟ್ಟದವಳು ಎನ್ನುತ್ತೀರಿ. ನನ್ನ ಮಾತಿಗೆ ನಿಮ್ಮ ಮಕ್ಕಳು ನಗುತ್ತಾರೆ. ಇಲ್ಲಿ ನಾನು ಇಂದಿಗೂ ಕಡಲ ದಂಡಿಯ ಬಾಯಾರ. ಊಟಕ್ಕೆ ರೊಟ್ಟಿಯೂ ಬೇಕು, ಗಂಜಿಯೂ ಬೇಕು. ಎರಡೂ ಇದ್ದ ದಿನ ಹೊಟ್ಟೆ ಕೆಡುತ್ತದೆ.

ಹೊರಟ ಬೆಳಿಗ್ಗೆ ತುಂಗವ್ವ ಮೋಟಾರು ನಿಲ್ಲುವಲ್ಲಿಗೆ ಬಂದಿದ್ದಳು. ಸೆರಗಿನಿಂದ ಎರಡು ಎಲೆ, ಒಂದು ಅಡಿಕೆ ತೆಗೆದು ಕಿಟಕಿಗೆ ಚಾಚಿದಳು. ನನ್ನ ಕೈ ಮುಂದೆ ಹೋಗಿ ಅಲ್ಲೇ ನಿಂತಿತು.

"ಯಾವ ದಿನಕ್ಕೆ?" ಎಂದೆ.

"ದಿನ ನೀವ ಬರಕೋರಿ, ಬುಕ್ಕ ನಿಮ್ಮ ಹಂತ್ಯಾಕ ಐತಿ." ನಾನು ಇನ್ನೂ ಹಾಗೇ ಇದ್ದೆ. "ಈಸಲ ತಿಳದ ಹಿಡಿ ಬೇ," ಎಂದಳು.

ಹಿಡಿದೆ. ಮೋಟಾರು ಹೊರಟಿತು. ಅವಳು ಕೈ ಬೀಸಲಿಲ್ಲ. ಕೊಟ್ಟು ಖಾಲಿಯಾದ ಆ ಕೈಯನ್ನು ಹುಬ್ಬಿನ ಮೇಲಿಟ್ಟುಕೊಂಡು ಬಿಸಿಲಿಗೆ ಅಡ್ಡ ಹಿಡಿದು ನಿಂತಳು. ಧೂಳು ಏಳುವವರೆಗೆ ಕಾಣುತ್ತಿದ್ದಳು. ನಾನು ಅವಳನ್ನು ನೋಡಿದ್ದು ಅದೇ ಕೊನೆ. ಬುಕ್ಕಿನಲ್ಲಿ ಜಮಖಂಡಿ ಎಂದು ಬರೆದಿದ್ದೇನೆ, ಅದರ ಮುಂದೆ ದಿನ ಬರೆದಿಲ್ಲ.