ಗಂಡನ ಹೆಸರಿಗೆ ಓಗೊಟ್ಟವಳು

ಅಮೃತಮ್ಮನಿಗೆ ಗಂಡಾಳಿನ ಕೂಲಿ ಬರಬೇಕು, ಇನ್ನೂ ಬಂದಿಲ್ಲ. ಕೃಷ್ಣರಾಜಪುರದ ಹಳೆ ಮದ್ರಾಸ್ ರಸ್ತೆ ಪಕ್ಕದ ಗ್ರಾನೈಟ್ ಯಾರ್ಡೊಂದರಲ್ಲಿ ಅವಳು ಐದು ವರ್ಷ ಕಲ್ಲು ಉಜ್ಜಿದಳು. ಕೈಗೆ ಬಂದದ್ದು ಅರ್ಧ ಕೂಲಿ, ಅದೂ ಗಂಡ ಮಾನಪ್ಪನ ಹೆಸರಿನಲ್ಲಿ. ಬೆಳಿಗ್ಗೆ ಹೆಸರು ಕೂಗುವಾಗ ಅವಳು ಗಂಡಸು, ಶನಿವಾರದ ಬಟವಾಡೆಯಲ್ಲಿ ಹೆಂಗಸು. ಇದೆಂಥ ಲೆಕ್ಕ ಎಂದು ಮಾಲೀಕನನ್ನು ಕೇಳಿದರೆ ಅವನು ಮೇಸ್ತ್ರಿಯತ್ತ ಕೈ ತೋರಿಸುತ್ತಾನೆ. ಮೇಸ್ತ್ರಿ ಮೋಡ ನೋಡುತ್ತಾನೆ.

ಕೂಲಿಯ ಜಗಳ ಆಮೇಲೆ ನೋಡಿಕೊಳ್ಳೋಣ. ಅದಕ್ಕಿಂತ ದೊಡ್ಡ ಬಾಕಿ ಅವಳ ಎದೆಯೊಳಗೆ ಕೂತಿದೆ, ಅದಕ್ಕೆ ಕಾನೂನು ವಾಯಿದೆ ಇಟ್ಟಿದೆ.

ಸುರಪುರದ ಕಡೆಯಿಂದ ಗಂಡಹೆಂಡತಿ ಬೆಂಗಳೂರಿಗೆ ಬಂದದ್ದು ತೊಂಬತ್ತೆರಡರಲ್ಲಿ. ಅವರ ಊರಿನವರು ಆಗಲೇ ಕೆ.ಆರ್. ಪುರ ಸ್ಟೇಷನ್ ಹಿಂದಿನ ಸಿಮೆಂಟ್ ಶೀಟಿನ ಬಾಡಿಗೆ ಕೋಣೆಗಳಲ್ಲಿ ಬೀಡುಬಿಟ್ಟಿದ್ದರು. ಮಾನಪ್ಪ ಕಲ್ಲು ಕೊಯ್ಯುವ ಮೆಷಿನ್ ಹಿಡಿದ. ಇಂದಿರಾನಗರ, ಜೀವನ್ ಬಿಮಾ ನಗರದ ಮನೆಗಳವರಿಗೆ ಗ್ರಾನೈಟಿನ ಹುಚ್ಚು ಹಿಡಿದಿದ್ದ ಕಾಲವದು. ಅಡುಗೆಕಟ್ಟೆಗೆ ಗ್ರಾನೈಟ್, ಮೆಟ್ಟಿಲಿಗೆ ಗ್ರಾನೈಟ್, ಸತ್ತವರ ತಲೆದೆಸೆಗೂ ಗ್ರಾನೈಟ್. ನೀರು ಬಿಟ್ಟುಕೊಂಡು ಕೊಯ್ದರೆ ಧೂಳು ಏಳುವುದಿಲ್ಲ. ಇದು ಯಾರ್ಡಿನ ನಾಯಿಗೂ ಗೊತ್ತಿತ್ತು. ಆದರೆ ನೀರಿಗೆ ಕೊಯ್ಯಲು ಎಳೆದ ಗುರುತಿನ ಗೆರೆ ಅಳಿಸುತ್ತದೆ, ಕೆಲಸ ನಿಧಾನವಾಗುತ್ತದೆ, ಟ್ಯಾಂಕರಿಗೆ ದುಡ್ಡು ಬೇರೆ. ಹಾಗಾಗಿ ಒಣ ಕಲ್ಲು, ಒಣ ಮೆಷಿನ್. ಮೂಗಿಗೆ ಹೆಗಲ ಮೇಲಿನ ಟವಲ್ಲೇ ಗತಿ. ಸಂಜೆ ಬಸ್ಸು ಹತ್ತಿದರೆ ಪಕ್ಕದವರು ಸೀರೆ ಸೆರಗು ಎಳೆದುಕೊಂಡು ಸರಿದು ಕೂರುತ್ತಿದ್ದರು.

ಆ ಊರಿನವರಲ್ಲಿ ಒಂದು ವಾಡಿಕೆ ಇತ್ತು. ಹೆಸರು ಕಾಯುವುದು ಎನ್ನುತ್ತಿದ್ದರು. ಆಳು ಕಾಯಿಲೆ ಬಿದ್ದರೆ ಮನೆಯ ಇನ್ನೊಬ್ಬರು ಅವನ ಜಾಗದಲ್ಲಿ ಹೋಗಿ ನಿಲ್ಲಬೇಕು. ಮೇಸ್ತ್ರಿ ಅವನ ಹೆಸರು ಕೂಗಿದಾಗ ಇವರು ಓಗೊಡಬೇಕು; ಬರೆದಿಡುವ ಹಾಜರಿ ಪುಸ್ತಕ ಅಲ್ಲಿರಲಿಲ್ಲ. ಅವನಿಗೆ ವಾಸಿಯಾದಾಗ ಜಾಗ ಹಾಗೇ ಸಿಗುತ್ತದೆ. ಅಣ್ಣನ ಹೆಸರನ್ನು ತಮ್ಮ ಕಾದ, ಅಪ್ಪನ ಹೆಸರನ್ನು ಮಗ ಕಾದ. ಅದನ್ನು ಅವರು ಒಬ್ಬರಿಗೊಬ್ಬರು ಮಾಡುವ ಉಪಕಾರ ಎಂದುಕೊಂಡಿದ್ದರು. ಮಾಲೀಕನಿಗೂ ಅದು ಬಲು ಇಷ್ಟವಾಗಿತ್ತು. ಯಾಕೆಂದರೆ ಅವನ ಯಾರ್ಡಿನಲ್ಲಿ ಯಾರೂ ಕಾಯಿಲೆ ಬೀಳುತ್ತಲೇ ಇರಲಿಲ್ಲ.

ತೊಂಬತ್ತೊಂಬತ್ತರಲ್ಲಿ ಮಾನಪ್ಪನ ಕೆಮ್ಮು ಅವನನ್ನು ಮಲಗಿಸಿತು. ಮಾರನೆಯ ಬೆಳಿಗ್ಗೆ ಮೇಸ್ತ್ರಿ ರಾಮಯ್ಯ ಹೆಸರು ಕೂಗತೊಡಗಿದ.

"ಮಾನಪ್ಪಾ!"

"ಅದೀನ್ರಿ," ಎಂದಳು ಅಮೃತಮ್ಮ, ತಲೆಗೆ ಗಂಡನ ಟವಲು ಸುತ್ತಿಕೊಂಡು.

ಯಾರ್ಡೆಲ್ಲ ನಕ್ಕಿತು. "ಏನ್ ಮಾನಪ್ಪಾ, ಮೀಸೆ ಎಲ್ಲಿಟ್ ಬಂದೆ?" ಎಂದ ರಾಮಯ್ಯ.

"ಮೀಸಿಗೂ ಆರಾಮಿಲ್ರಿ. ಮನ್ಯಾಗ ಮಲಗ್ಯಾದ."

ರಾಮಯ್ಯ ನಗುತ್ತಲೇ ಅವಳ ಕೈಗೆ ಪಾಲಿಶ್ ಮೆಷಿನ್ ಕೊಟ್ಟ. ಒಂದು ತಿಂಗಳ ಮಟ್ಟಿಗೆ ಎಂದುಕೊಂಡು ಅವಳು ಹಿಡಿದಳು.

ಮಾನಪ್ಪನಿಗೆ ಟಿ.ಬಿ. ಎಂದರು. ಗುಳಿಗೆ ನುಂಗಿದ. ಕೋರ್ಸ್ ಮುಗಿಯಿತು, ಕೆಮ್ಮು ಮುಗಿಯಲಿಲ್ಲ. ಇನ್ನೊಂದು ಕೋರ್ಸ್ ಕೊಟ್ಟರು. ಕುಡೀತೀಯಾ ಎಂದು ಕೇಳಿದರು, ಬೀಡಿ ಸೇದ್ತೀಯಾ ಎಂದು ಕೇಳಿದರು. ಏನು ಕೆಲಸ ಮಾಡ್ತೀಯಾ ಎಂದು ಒಬ್ಬರೂ ಕೇಳಲಿಲ್ಲ. ಎರಡು ಸಾವಿರದ ಮೂರರಲ್ಲಿ ಹೊಸದಾಗಿ ಬಂದ ಡಾಕ್ಟರೊಬ್ಬರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಆ ಪ್ರಶ್ನೆ ಕೇಳಿದರು. ಕಲ್ಲು ಎಂದಾಗ ಅವರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. ಇದು ಟಿ.ಬಿ. ಅಲ್ಲ, ಸಿಲಿಕೋಸಿಸ್. ಕಲ್ಲಿನ ಧೂಳು ಶ್ವಾಸಕೋಶದಲ್ಲಿ ಕೂತಿದೆ, ಮತ್ತೆ ಹೊರಗೆ ಬರುವುದಿಲ್ಲ. ಪಕ್ಕದಲ್ಲಿ ನಿಂತು ಕೆಮ್ಮುತ್ತಿದ್ದ ಅಮೃತಮ್ಮನ ಎಕ್ಸ್‌ರೇ ತೆಗೆಸಿದ್ದು ಮರುವರ್ಷ. ಅದರಲ್ಲೂ ಅವೇ ಚುಕ್ಕೆಗಳು.

ಆ ಎರಡು ಫಿಲ್ಮುಗಳನ್ನು ಹಿಡಿದುಕೊಂಡು ಅವಳು ಶಿವಾಜಿನಗರಕ್ಕೆ ಬಂದಳು. ರಸೆಲ್ ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿ, ಮಾಂಸದಂಗಡಿಯ ಮಹಡಿಯ ಮೇಲೆ ನಮ್ಮ ಕೂಲಿಕಾರರ ಸಂಘದ ಕೋಣೆಯಿದೆ. ಕೇಸುಗಳನ್ನು ನೋಡಿಕೊಳ್ಳುವವಳು ವಕೀಲೆ ಖುರ್ಷೀದಾ. ಅದೇ ಗಲ್ಲಿಯಲ್ಲಿ ಹುಟ್ಟಿ ಬೆಳೆದವಳು. ಸಿಹಿ ಮಾತಾಡಿ ರೂಢಿಯಿಲ್ಲ.

"ನೋಡಮ್ಮಾ, ಈ ಕಾಯ್ಲೆಗೆ ಮಾಲೀಕ ಪರಿಹಾರ ಕೊಡ್ಬೇಕು. ಕಾನೂನಿದೆ. ಆದ್ರೆ ಎರಡು ವರ್ಷದೊಳಗೆ ಅರ್ಜಿ ಹಾಕ್ಬೇಕು."

"ಯಾವಾಗಿಂದ್ರಿ ಎರಡು ವರ್ಷ?"

"ಕಾಯ್ಲೆಯಿಂದ ಕೆಲಸಕ್ಕೆ ಹೋಗೋದು ನಿಲ್ತಲ್ಲ, ಆ ದಿನದಿಂದ."

"ಅವತ್ತು ಟಿ.ಬಿ. ಅಂದ್ರಲ್ರಿ. ಕಲ್ಲಿನ ರೋಗ ಅಂತ ಹೇಳಿದ್ದು ಮೊನ್ನಿ."

"ಅದಕ್ಕೂ ಒಂದು ದಾರಿ ಇದೆ. ತಡ ಆಗಿದ್ದಕ್ಕೆ ಸರಿಯಾದ ಕಾರಣ ಇದ್ರೆ ಕಾರ್ಮಿಕ ಇಲಾಖೆ ಸಾಹೇಬ್ರು ಒಪ್ಕೋಬಹುದು. ಒಪ್ಲೇಬೇಕು ಅಂತೇನಿಲ್ಲ, ತಿಳ್ಕೋ. ನಿನ್ನ ಕೇಸ್ ಟೈಮಲ್ಲೇ ಇದೆ. ಆದ್ರೆ ಈ ಯಾರ್ಡಲ್ಲಿ ಇಷ್ಟು ವರ್ಷ ಕಲ್ಲು ಕೆಲಸ ಮಾಡಿದ್ದೀನಿ ಅಂತ ತೋರಿಸ್ಬೇಕು. ಅಲ್ಲಿ ನಿನ್ನ ಹೆಸರಿದೆಯಾ?"

ಅಮೃತಮ್ಮನಿಗೆ ಅವತ್ತು ಗೊತ್ತಾಯಿತು, ಐದು ವರ್ಷ ತಾನು ಏನನ್ನು ಕಾದೆ ಎಂದು.

ಆ ಭಾನುವಾರ ಕೆ.ಆರ್. ಪುರದ ಅವರ ಕೋಣೆಯಲ್ಲಿ ಊರಿನವರು ಸೇರಿದರು. ಪಕ್ಕದ ಕೋಣೆಯ ಶಿವಪುತ್ರ ಇನ್ನೂ ಅದೇ ಯಾರ್ಡಿನಲ್ಲಿ ದುಡಿಯುತ್ತಿದ್ದ. ಅವನು ಸುಲಭದ ಉಪಾಯ ತಂದಿದ್ದ.

"ಅತ್ತೀ, ಇದರಾಗ ಚಿಂತಿ ಏನದ? ಐದು ವರ್ಷ ಮಾನಪ್ಪ, ಮಾನಪ್ಪ ಅಂತ ಕೂಗ್ಯಾರ. ಹ್ವಾದ ವರ್ಷದ ತನಕ ಮಾನಪ್ಪನೇ ಬಂದಾನ ಅಂತ ಹೇಳಿಬಿಡ್ರಿ. ಆಗ ಕೇಸು ಟೈಮಿನಾಗೇ ಅದ. ಇಲ್ಲ ಅನ್ನಾಕ ಮಾಲೀಕಗ ಬಾಯಿ ಎಲ್ಲದ?"

ಮಾನಪ್ಪ ಮಂಚದ ಮೇಲೆ ಗೋಡೆಗೊರಗಿದ್ದ. "ಹೌದು. ನಾನೇ ಹೋಗಿದ್ದೆ ಅನ್ನು," ಎಂದ, ನಡುವೆ ಉಸಿರೆಳೆದುಕೊಂಡು.

"ನೀ ಹೋಗಿದ್ದಿ? ಮಂಚ ಹೊತ್ಕೊಂಡು ಹೋಗಿದ್ದೇನು?"

"ಏ, ನಿನಗ ರೊಕ್ಕ ಬರೋದು ಬ್ಯಾಡೇನು?"

"ಬೇಕು. ನಿನ್ನ ರೊಕ್ಕನೂ ಬೇಕು, ನಂದೂ ಬೇಕು. ನೀ ಐದು ವರ್ಷ ಹೋದಿ ಅಂತ ನಾ ಹೇಳಿದ್ರ, ನಾ ಎಲ್ಲಿದ್ದೆ? ಮನ್ಯಾಗ ರೊಟ್ಟಿ ಬಡಕೋತ ಕುಂತಿದ್ನಾ? ಹಂಗಾದ್ರ ಈ ಕಲ್ಲು ನನ್ನ ಎದಿಯಾಗ ಹೆಂಗ ಬಂತು, ರೊಟ್ಟಿ ಹಿಟ್ಟಿನ್ಯಾಗ ಬಂತೇನು?"

ಖುರ್ಷೀದಾ ಕೂಡ ಅಲ್ಲೇ ಇದ್ದಳು, ಚಾಪೆಯ ಮೇಲೆ. "ಸುಳ್ಳು ಹೇಳ್ಸಿ ಕೇಸ್ ನಡೆಸೋಳಲ್ಲ ನಾನು," ಎಂದಳು. "ಆದ್ರೆ ಅಮೃತಮ್ಮಾ, ನೀನು ನಿಜ ಹೇಳಿದ ತಕ್ಷಣ ಇವರ ಅರ್ಜಿ ಲೇಟು ಅಂತ ನೀನೇ ಒಪ್ಕೊಂಡ ಹಾಗೆ. ಎರಡೂ ಬಿದ್ದು ಹೋಗ್ಬಹುದು. ಅಳ್ಬಾರ್ದು ಆಮೇಲೆ."

"ಅಳಾಕ ದಮ್ಮು ಬೇಕ್ರಿ. ಅದನ್ನ ಯಾರ್ಡಿನ್ಯಾಗ ಬಿಟ್ಟು ಬಂದೀನಿ."

ಎರಡು ಅರ್ಜಿ ಹಾಕಿದೆವು. ಒಂದು ಮಾನಪ್ಪನದು, ತಡವಾದದ್ದಕ್ಕೆ ಕಾರಣ ಹೇಳಿ. ಇನ್ನೊಂದು ಅಮೃತಮ್ಮನದು, ಅವಳದೇ ಹೆಸರಿನಲ್ಲಿ. ಅರ್ಜಿ ಬಿದ್ದ ವಾರವೇ ಯಾರ್ಡಿನ ಗೇಟು ಅವಳಿಗೆ ಮುಚ್ಚಿತು.

ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ವಿಚಾರಣೆಯ ದಿನ ಮಾಲೀಕನ ವಕೀಲ ಎದ್ದು ನಿಂತು, ಮಾನಪ್ಪ ತೊಂಬತ್ತೊಂಬತ್ತರಲ್ಲೇ ಕೆಲಸ ಬಿಟ್ಟಿದ್ದಾನೆ, ಎರಡು ವರ್ಷ ಎಂದೋ ಕಳೆದಿದೆ, ಅರ್ಜಿಯನ್ನು ವಜಾ ಮಾಡಬೇಕು ಎಂದ. ಅಧಿಕಾರಿ ಅಮೃತಮ್ಮನ ಕಡೆ ತಿರುಗಿ ಏನು ಹೇಳ್ತೀರಿ ಎಂದು ಕೇಳಿದರು. ಬೆಂಚಿನ ತುದಿಯಲ್ಲಿದ್ದ ಶಿವಪುತ್ರ ಕಣ್ಣಲ್ಲೇ ಸನ್ನೆ ಮಾಡುತ್ತಿದ್ದ. ಈಗಲಾದರೂ ಹೇಳು, ಮಾನಪ್ಪನೇ ಬರುತ್ತಿದ್ದ ಎಂದು ಹೇಳು.

"ಖರೇ ಅದರಿ ಸಾಹೇಬ್ರ. ನನ್ನ ಗಂಡ ಅವತ್ತೇ ಮಲಗಿದ. ಮತ್ತ ಯಾರ್ಡಿಗೆ ಹೋಗಿಲ್ಲ."

"ನೋಟ್ ಮಾಡ್ಕೊಳ್ಳಿ ಸಾರ್, ಅವರೇ ಒಪ್ಕೊಂಡ್ರು," ಎಂದ ವಕೀಲ. ಹಬ್ಬದೂಟಕ್ಕೆ ಕೂತವನ ಹಾಗೆ ಅವನ ಮುಖ ಅರಳಿತು.

"ತಡೀರಿ, ನನ್ನ ಮಾತು ಮುಗಿದಿಲ್ಲ. ಅವ ಹೋಗಲಿಲ್ಲ, ನಾ ಹೋದೆ. ಅವನ ಹೆಸರು ಕೂಗಿದ್ರು, ನಾ ಓ ಅಂದೆ. ಕಲ್ಲಿನ ಧೂಳಿಗೆ ಮಾತ್ರ ನನ್ನ ಗುರುತು ಸಿಕ್ತು ನೋಡ್ರಿ, ಸೀದಾ ಬಂದು ನನ್ನೊಳಗೇ ಕುಂತದ."

"ಹೆಂಗಸ್ರು ಗ್ರಾನೈಟ್ ಮೆಷಿನ್ ಹಿಡೀತಾರೇನಮ್ಮ? ಯಾರಿಗ್ ಹೇಳ್ತೀಯ?" ಎಂದ ವಕೀಲ.

"ಹಿಡಿದಾಗ ಯಾರೂ ಕೇಳಲಿಲ್ರಿ. ಬಿಟ್ಟ ಮ್ಯಾಲ ಕೇಳಾಕತ್ತೀರಿ."

ಮೇಸ್ತ್ರಿ ರಾಮಯ್ಯನನ್ನು ಕರೆಸಿದರು. ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು, ಯಾರ ಮುಖವನ್ನೂ ನೋಡದೆ ಹೇಳಿದ: "ಈ ಯಮ್ಮ ಯಾರು ಅಂತ ಗೊತ್ತಿಲ್ಲ ಸಾರ್."

"ಗೊತ್ತಿಲ್ಲೇನ್ರಿ ಮೇಸ್ತ್ರಿ?" ಅಮೃತಮ್ಮ ಕೂತಲ್ಲಿಂದಲೇ ಕೇಳಿದಳು. "ಮೀಸಿ ಎಲ್ಲಿಟ್ಟಿ ಅಂತ ಕೇಳಿದ್ರಲ್ಲ, ಅದೂ ಮರೆತ್ರೇನು? ನನಗ ಮೀಸಿ ಬರಲಿಲ್ಲ ಬಿಡ್ರಿ. ನಿಮಗದಾವ, ಅವಕ್ಕಾದ್ರೂ ನಾಚಿಕಿ ಬರಲಿ."

ಸುಮ್ಮನಿರಿ ಎಂದರು ಅಧಿಕಾರಿ. ಮಾನಪ್ಪನ ಆಸ್ಪತ್ರೆ ಕಾಗದಗಳನ್ನು ಅವರು ತೆಗೆದುಕೊಂಡರು. ತಡವನ್ನು ಮನ್ನಿಸಬೇಕೋ ಬೇಡವೋ ಆಮೇಲೆ ಹೇಳುತ್ತೇನೆ ಎಂದರು. ಅಮೃತಮ್ಮನಿಗೆ, ನೀನು ಆ ಕೆಲಸ ಮಾಡಿದ್ದನ್ನು ಕಣ್ಣಾರೆ ಕಂಡವರನ್ನು ಕರೆತಾ ಎಂದರು.

ಕಂಡವರು ಎಲ್ಲಿದ್ದಾರೆ? ಯಾರ್ಡಿನವರು ಬಾಯಿ ಬಿಟ್ಟರೆ ಮರುದಿನ ಹೊಟ್ಟೆಗಿಲ್ಲ. ಅವರನ್ನು ಬಯ್ಯುವುದು ಸುಲಭ, ನಾನು ಬಯ್ಯುವುದಿಲ್ಲ. ಆದರೆ ಯಾರ್ಡಿನ ಹೊರಗೂ ಅವಳನ್ನು ಕಂಡವರಿದ್ದರು. ಅಡುಗೆಕಟ್ಟೆಯ ಹಾಸುಗಲ್ಲನ್ನು ಯಾರ್ಡಿನಲ್ಲಿ ಕೊಯ್ದರೂ, ಅದರ ಅಂಚನ್ನು ದುಂಡಗೆ ಉಜ್ಜುವುದು ಮನೆಯಲ್ಲಿ, ಕಲ್ಲು ಕೂರಿಸಿದ ಮೇಲೆ. ಮನೆಯೊಡತಿಯರು ಗಂಡಾಳನ್ನು ಅಡುಗೆಮನೆಯೊಳಗೆ ಬಿಟ್ಟುಕೊಳ್ಳಲು ಹಿಂಜರಿಯುತ್ತಿದ್ದರು. ಆದ್ದರಿಂದ ರಾಮಯ್ಯ ಬುದ್ಧಿವಂತಿಕೆ ಮಾಡಿ ಆ ಕೆಲಸಕ್ಕೆಲ್ಲ ಅಮೃತಮ್ಮನನ್ನೇ ಕಳಿಸುತ್ತಿದ್ದ.

ಅವಳು ಜೀವನ್ ಬಿಮಾ ನಗರದ ಬೀದಿಗಳನ್ನು ಹತ್ತಿಳಿದಳು. ನಾಲ್ಕು ಹೆಜ್ಜೆ ನಡೆದರೆ ಕಾಂಪೌಂಡು ಹಿಡಿದು ನಿಲ್ಲಬೇಕು. ಕೆಲವು ಗೇಟುಗಳಲ್ಲಿ ನಾಯಿ ಬೊಗಳಿತು, ಕೆಲವು ಕಡೆ ಮನುಷ್ಯರು. ವಿಮಾನ ನಿಲ್ದಾಣದ ಕಡೆಯ ಒಂದು ಬೀದಿಯಲ್ಲಿ ಜಲಜಾ ಎಂಬವರ ಮನೆ. ವಿಮಾ ಕಂಪನಿಯ ನೌಕರಿಯಲ್ಲಿರುವವರು, ಗಂಡನೂ ಅಲ್ಲೇ.

"ಯಾರಮ್ಮ?"

"ನಾನ್ರಿ ಅಕ್ಕಾರ. ನಿಮ್ಮ ಅಡಗಿ ಕಟ್ಟಿ ಅಂಚು ಹೊಡೆದಾಕಿ."

ಜಲಜಾ ಕನ್ನಡಕ ಏರಿಸಿಕೊಂಡರು. "ಅಯ್ಯೋ, ನೀನಾ! ನನ್ನ ಸಾರಿನಪುಡಿ ಡಬ್ಬನೆಲ್ಲ ಬೂದಿ ಮಾಡಿ ಹೋಗಿದ್ದೆ. ವಾರಗಟ್ಟಲೆ ತೊಳೆದೆ ಗೊತ್ತಾ?"

"ನೀವು ಡಬ್ಬಿ ತೊಳಕೊಂಡ್ರಿ. ನನಗ ಎದಿ ತೊಳಿಯಾಕ ಬರಂಗಿಲ್ಲ ನೋಡ್ರಿ."

ಅವಳು ಮೆಟ್ಟಿಲ ಮೇಲೆ ಕೂತು ವಿಷಯ ಹೇಳಿದಳು. ಜಲಜಾ ಕಾಫಿ ತಂದರು. ಬೇಜಾರಾಯಿತು ಅವರಿಗೆ, ನಿಜವಾಗಿಯೂ ಆಯಿತು. ಪರ್ಸು ತಂದರು. ಅಮೃತಮ್ಮ ಲೋಟ ಕೆಳಗಿಟ್ಟಳು.

"ರೊಕ್ಕ ಬ್ಯಾಡ್ರಿ ಅಕ್ಕಾರ. ಒಂದ್ ದಿನ ಬಂದು, ಈಕಿ ನಮ್ಮ ಮನ್ಯಾಗ ಮೆಷಿನ್ ಹಿಡಿದಿದ್ದು ನಾ ನೋಡೀನಿ ಅನ್ರಿ. ಅಷ್ಟೇ."

"ಕೋರ್ಟು ಗೀರ್ಟು ಅಂದ್ರೆ ನಮ್ಮನೆಯವ್ರು ಬೈತಾರಮ್ಮ."

"ಬೈಲಿ ಬಿಡ್ರಿ. ಬೈಯಾಕ ಉಸಿರದಲ್ಲ ಅವರಿಗೆ. ನಮ್ಮನಿಯವರಿಗೆ ಅದೂ ಇಲ್ಲ."

ಜಲಜಾ ಸೆರಗಿನ ತುದಿ ತಿರುಚುತ್ತ ನಿಂತರು. "ನಮ್ಮ ಆಫೀಸಲ್ಲೂ ಲೇಟಾದ ಕ್ಲೇಮ್ ಬರುತ್ತೆ. ಪಾಪ ಅನ್ಸುತ್ತೆ, ರೂಲ್ಸು ಅಂತ ವಾಪಸ್ ಕಳಿಸ್ತೀವಿ," ಎಂದರು. ಆಮೇಲೆ, "ನೋಡ್ತೀನಮ್ಮ."

ಮುಂದಿನ ವಿಚಾರಣೆಗೆ ಅವರು ಬರಲಿಲ್ಲ. ಅಧಿಕಾರಿ ಇನ್ನೊಂದು ದಿನ ಕೊಟ್ಟಿದ್ದಾರೆ, ಅದೇ ಕೊನೆಯದು ಎಂದಿದ್ದಾರೆ. ಅಮೃತಮ್ಮ ಈಗಲೂ ವಾರಕ್ಕೆ ಎರಡು ಸಲ ಆ ಬೀದಿಗಳಿಗೆ ಹೋಗುತ್ತಾಳೆ. ಸುಳ್ಳು ಹೇಳಿದ್ದಿದ್ದರೆ ಒಂದು ಕೇಸಾದರೂ ಗೆಲ್ಲುತ್ತಿತ್ತಲ್ಲ ಎಂದು ಶಿವಪುತ್ರ ಮೊನ್ನೆಯೂ ಗೊಣಗಿದ. ಮಂಚದ ಮೇಲಿನ ಮಾನಪ್ಪ ಅವನನ್ನು ತಡೆದು ಹೇಳಿದ: "ನನ್ನ ಹೆಸರು ಐದು ವರ್ಷ ಕಾದಾಳ. ಈಗ ಅಕಿ ಹೆಸರು ಅಕಿ ಕಾಯ್ಕೊಳ್ಳಲಿ ಬಿಡಪ್ಪ."

ಇನ್ನು ನಿಮ್ಮ ಮಾತು. ಆ ಐದು ವರ್ಷಗಳಲ್ಲಿ ಇಂದಿರಾನಗರದಲ್ಲೋ ಜೀವನ್ ಬಿಮಾ ನಗರದಲ್ಲೋ ಹಲಸೂರಿನಲ್ಲೋ ನಿಮ್ಮ ಮನೆಗೆ ಗ್ರಾನೈಟ್ ಹಾಕಿಸಿದ್ದರೆ, ಎದ್ದು ಅಡುಗೆಮನೆಗೆ ಹೋಗಿ. ಕಟ್ಟೆಯ ಅಂಚಿನ ಮೇಲೆ ಕೈಯಾಡಿಸಿ. ಅದನ್ನು ಉಜ್ಜಿದ್ದು ತಲೆಗೆ ಟವಲು ಸುತ್ತಿಕೊಂಡ, ಕಡ್ಡಿಯಂಥ, ಸುರಪುರದ ಕಡೆಯ ಮಾತಿನ ಒಬ್ಬ ಹೆಂಗಸಾಗಿದ್ದರೆ, ನಿಮ್ಮ ಮರುಕ ನಮಗೆ ಬೇಡ, ಪರ್ಸೂ ಬೇಡ. ರಸೆಲ್ ಮಾರ್ಕೆಟ್ ಹಿಂದಿನ ನಮ್ಮ ಕೋಣೆಯ ಮೆಟ್ಟಿಲು ಹತ್ತಿ ಬನ್ನಿ. ವಾಯಿದೆ ಮುಗಿಯುವ ಮುಂಚೆ ಬನ್ನಿ. ಅವಳು ಬಂದಿದ್ದಳು, ನಾನು ನೋಡಿದ್ದೇನೆ ಎಂದು ಅವಳ ಹೆಸರು ಹಿಡಿದು ಹೇಳಿ.