ಹೊರಗಿನ ಗುಡಿಸಲಲ್ಲಿ ಮಾತ್ರ ಸಿಗ್ನಲ್ಲು

ದುರ್ಗಾಂಬಿಕಾಗೆ ಸಿಟ್ಟು ಬಂದರೆ ಬಾಯಿ ಕಟ್ಟಿಹೋಗುತ್ತಿತ್ತು. ಹಟ್ಟಿಯವರು ಅದನ್ನೇ ಒಳ್ಳೆ ಗುಣ ಅಂದುಕೊಂಡಿದ್ದರು. ಹುಡುಗಿ ಬಲು ಸಾಧು ಅನ್ನೋರು. ಎಂಥ ಸಾಧು, ಮಣ್ಣಂಗಟ್ಟಿ. ಅವಳ ಹೊಟ್ಟೆಯಲ್ಲಿ ಬೆಂಕಿ ಉರಿಯುತ್ತಿತ್ತು.

ಬಿಳಿಚೋಡಿನಲ್ಲಿ ಬಸ್ಸಿಳಿದು ಮಣ್ಣುದಾರಿಯಲ್ಲಿ ಕಾಲು ಸೋಲುವಷ್ಟು ನಡೆದರೆ ಸಿಗುವ ಕುರಿ ಕಾಯೋರ ಹಟ್ಟಿ ಅದು. ಪಿಯುಸಿ ಮುಗಿಸಿದ ಹೆಣ್ಣು ಅಲ್ಲಿ ಅವಳೊಬ್ಬಳೇ. ಓದಿದ್ದು ಸಾಕು ಅಂತ ಕೂರಿಸಿದ ಮೇಲೆ ಅವಳಿಗೆ ಉಳಿದಿದ್ದು ಭಾನುವಾರ ಮಧ್ಯಾಹ್ನ ಫೋನಿನಲ್ಲಿ ಸೇರುವ ಹುಡುಗಿಯರ ಬಳಗ ಒಂದೇ. ಚನ್ನಗಿರಿಯ ವಾಣಿಶ್ರೀ ಅಕ್ಕ ಅದನ್ನು ನಡೆಸುತ್ತಿದ್ದಳು. ಹೊನ್ನಾಳಿ, ನ್ಯಾಮತಿ ಕಡೆಯ ಹುಡುಗಿಯರೂ ಇದ್ದರು. ಪೇಪರು ಓದೋರು, ವಾದ ಹಾಕೋರು, ನಗೋರು. ನಡುವೆ ವಾಣಿಶ್ರೀ, "ದುರ್ಗಾ, ನೀನೇನಂತೀಯ?" ಅಂತ ಕೇಳೋಳು. ವಾರವೆಲ್ಲಾ ಅವಳನ್ನು ಹಾಗೆ ಕೇಳುವವರು ಬೇರೆ ಯಾರೂ ಇರಲಿಲ್ಲ.

ಫೋನು ಮಾತ್ರ ಅಣ್ಣ ಆಂಜನೇಯನದು. "ಹೆಣ್ಣುಮಕ್ಕಳಿಗೆ ಎಂಥ ಮೀಟಿಂಗು?" ಅಂತ ಮಾತಿನ ನಡುವೆಯೇ ಕಿತ್ತುಕೊಂಡು ಹೋಗುತ್ತಿದ್ದ. ಕಿತ್ತುಕೊಂಡು ಮಾಡುವ ಘನಕಾರ್ಯ ಏನೂ ಇರಲಿಲ್ಲ, ಕಟ್ಟೆ ಮೇಲೆ ಕೂತು ರೀಲ್ಸ್ ನೋಡಬೇಕು, ಅಷ್ಟೇ. ಮೇಲಾಗಿ ಹಟ್ಟಿಯೊಳಗೆ ಸಿಗ್ನಲ್ಲು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಸರಿಯಾಗಿ ಸಿಗುತ್ತಿದ್ದದ್ದು ದಿಬ್ಬದ ಮೇಲೆ, ಮುಟ್ಟಾದ ಹೆಂಗಸರು ಹೊರಗೆ ಕೂರುವ ಗುಡಿಸಲ ಹತ್ತಿರ.

ಒಂದು ಸಲ ಫೋನು ಕೈಯಲ್ಲಿ ಹಿಡಿದಿದ್ದಾಗಲೇ ಅವಳು ಮುಟ್ಟಾದಳು. ಕಿತ್ತುಕೊಳ್ಳಲು ಕೈ ಚಾಚಿದ್ದ ಆಂಜನೇಯ ಬೆಂಕಿ ತಾಕಿದವನಂತೆ ಹಿಂದೆ ಸರಿದ. ಮುಟ್ಟಾದವಳು ಹಿಡಿದ ಸಾಮಾನು ಅವಳು ಮಿಂದು ಒಳಗೆ ಬಂದು, ಅರಿಶಿನದ ನೀರು ಚಿಮುಕಿಸುವ ತನಕ ಅವಳದ್ದೇ. ಅಷ್ಟು ದಿನವೂ ಫೋನು ಅವಳದಾಯಿತು. ಜಗತ್ತಿನಲ್ಲಿ ಅವಳದು ಅಂತ ಆದ ಮೊದಲ ವಸ್ತು ಅದು, ಅದೂ ಮೈಲಿಗೆಯ ಹೆಸರಿನಲ್ಲಿ. ಎಂಥ ನ್ಯಾಯ ನೋಡಿ.

ಆಮೇಲೆ ಅವಳಿಗೆ ದಾರಿ ತಿಳಿಯಿತು. ಶನಿವಾರ ಸಂಜೆ ಫೋನು ಎತ್ತಿಕೊಂಡು, "ಅವ್ವಾ, ಹೊರಗಾಗಿದೀನಿ," ಅನ್ನೋಳು. ಕಂಬಳಿ ಹೊದ್ದು ದಿಬ್ಬ ಹತ್ತೋಳು. ಅಡ್ಡ ಬಿದ್ದ ಗಳ, ಚೇಳಿನ ಭಯ, ಸೋರುವ ಸೂರು. ಆ ಗುಡಿಸಲನ್ನು ಕಂಡರೆ ಅವಳಿಗೆ ಮೈ ಉರಿಯುತ್ತಿತ್ತು. ಆದರೂ ಹೋಗೋಳು.

ಸುಳ್ಳು ಹೆಚ್ಚಾಯಿತು. ತಿಂಗಳಿಗೆ ಇಷ್ಟು ಸಲ ಆಗುತ್ತಲ್ಲ ಅಂತ ಅವ್ವ ಶಂಕ್ರಮ್ಮ ಹೆದರಿದಳು. ದೇವರಿಗೆ ಹರಕೆ ಕಟ್ಟಿದಳು, ಕಷಾಯ ಕುಡಿಸಿದಳು. ಆಂಜನೇಯ ಮಾತ್ರ ದೊಡ್ಡ ಡಾಕ್ಟರಂತೆ, "ಮದುವೆ ಮಾಡಿದ್ರೆ ಎಲ್ಲಾ ಸರಿ ಹೋಗ್ತೈತೆ," ಅಂದ. ಗಂಡೂ ಗೊತ್ತು ಮಾಡಿದ. ಬುಧವಾರ ನೋಡಾಕೆ ಬರೋರಿದ್ದರು. ಮದುವೆಯಾದರೆ ಬಳಗವೂ ಹೋಯಿತು, ಕೇಳುವ ಒಂದು ದನಿಯೂ ಹೋಯಿತು. ನಿಜ ಹೇಳಿದರೆ ಫೋನು ಹೋಗುತ್ತೆ, ಹೇಳದಿದ್ದರೆ ತಾನೇ ಹೋಗಬೇಕು.

ಆ ಭಾನುವಾರ ವಾಣಿಶ್ರೀ ಕೇಳಿದಳು, "ದುರ್ಗಾ, ಗಾಳಿ ಸದ್ದು ಜೋರಾಗಿದೆ. ಎಲ್ಲಿ ಕೂತಿದೀಯ?"

ಮುಟ್ಟಿನ ಗುಡಿಸಲಲ್ಲಿ ಕೂತಿದೀನಿ ಅಂತ, ಇಷ್ಟು ದಿನ ಮುಚ್ಚಿಟ್ಟಿದ್ದನ್ನು ಅವಳು ಹೇಳಿಬಿಟ್ಟಳು. ನ್ಯಾಮತಿಯ ಪೂಜಾ, "ಅಯ್ಯೋ ಪಾಪ," ಅಂದಳು. ವಾಣಿಶ್ರೀಗೆ ಸಿಟ್ಟು ಬಂತು. "ಆಫೀಸರ್‌ಗಳನ್ನ ಕರ್ಕೊಂಡು ಬಂದು ಆ ಗುಡಿಸಲು ಕೆಡವಿಸ್ತೀನಿ."

ದುರ್ಗಾಂಬಿಕಾಳ ಕಟ್ಟಿದ ಬಾಯಿ ಆಗ ಬಿಚ್ಚಿತು.

"ಕೆಡವಿಸ್ರಿ ಅಕ್ಕಾ, ಗುದ್ದಲಿ ನಾನೇ ಕೊಡ್ತೀನಿ. ಆಮೇಲೆ ನಾನು ಎಲ್ಲಿ ಕೂತು ಮಾತಾಡ್ಲಿ? ಒಳಗಿದ್ರೆ ಅಣ್ಣ ಫೋನ್ ಕಿತ್ಕೊಂತಾನೆ. ಮೈಲಿಗೆ ಅಂದ್ರೆ ಮಾತ್ರ ಬಿಡ್ತಾನೆ. ನನಗೆ ಮುಟ್ಟೂ ಆಗಿಲ್ಲ, ಕಾಯಿಲೆನೂ ಇಲ್ಲ. ಮಾತಾಡಾಕೆ ಒಂದು ಜಾಗ ಬೇಕಾಗಿತ್ತು, ಸುಳ್ಳು ಹೇಳಿ ಬಂದು ಕೂತಿದೀನಿ. ಪಾಪ ಗೀಪ ಅನ್ನಬ್ಯಾಡ್ರಿ. ನನಗೆ ಸಿಟ್ಟು ಬಂದೈತೆ."

ಹಿಂದೆ ತಟ್ಟೆ ನೆಲಕ್ಕಿಟ್ಟ ಸದ್ದಾಯಿತು. ಊಟ ತಂದಿದ್ದ ಶಂಕ್ರಮ್ಮ ಮೈಲಿಗೆಯ ಗಡಿ ಅಂತ ಗುಡಿಸಲ ಸುತ್ತ ಇಟ್ಟ ಕಲ್ಲುಗಳ ಆಚೆ ನಿಂತಿದ್ದಳು. ಎಲ್ಲವೂ ಕೇಳಿಸಿತ್ತು.

ಅಷ್ಟರಲ್ಲಿ ದೂರದಿಂದ ಬರೀ ಕೂಗಾಟ ಕೇಳಿ ಆಂಜನೇಯ ಏದುಸಿರು ಬಿಡುತ್ತಾ ಬಂದ. "ಏನೇ ಇದು ಬೊಬ್ಬೆ? ಇಡು ಫೋನ್ ಕೆಳಗೆ. ಬುಧವಾರ ಗಂಡಿನ ಕಡೆಯೋರು ಬರ್ತಾರೆ, ಮಾನ ಮರ್ಯಾದೆ ಐತೋ ಇಲ್ವೋ?"

ಈಗ ಅವ್ವ ಹೇಳಿಬಿಡುತ್ತಾಳೆ ಅಂತ ದುರ್ಗಾಂಬಿಕಾ ಕಾದಳು. ಶಂಕ್ರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಕಲ್ಲು ದಾಟಿದಳು. ಮಗಳ ಪಕ್ಕ ಕುಕ್ಕರಿಸಿ, ಅವಳ ರಟ್ಟೆ ಹಿಡಿದು, "ನಿನಗೆ ಆಮೇಲೆ ಐತೆ," ಅಂತ ಹಲ್ಲು ಕಚ್ಚಿ ಹೇಳಿದಳು. ಆಮೇಲೆ ಫೋನನ್ನು ತನ್ನ ಮಡಿಲಿಗೆ ಹಾಕಿಕೊಂಡಳು.

"ಇವಳನ್ನ ಮುಟ್ಟಿದೀನಿ, ಫೋನನ್ನೂ ಮುಟ್ಟಿದೀನಿ. ಬೇಕಿದ್ರೆ ಬಂದು ತಗೊಂಡು ಹೋಗಪ್ಪ."

ಆಂಜನೇಯ ಕಲ್ಲಿನ ತನಕ ಬಂದು ನಿಂತ. ಕಾಲು ಮುಂದೆ ಬರಲಿಲ್ಲ. "ಸಂಜೆಗೆ ಮುದ್ದೆ ಯಾರು ಮಾಡ್ತಾರವ್ವಾ?" ಅಂದ, ದನಿ ಇಳಿದಿತ್ತು.

"ಹಿಟ್ಟೈತೆ, ಒಲೆ ಐತೆ, ನಿನಗೆ ಕೈ ಐತೆ. ಮೊದಲು ಆ ಗಂಡಿನ ಕಡೆಯೋರಿಗೆ ಬರಬ್ಯಾಡ್ರಿ ಅಂತ ಹೇಳಿ ಬಾ."

ಮಡಿಲಲ್ಲಿದ್ದ ಫೋನಿನಿಂದ ವಾಣಿಶ್ರೀಯ ದನಿ ಬಂತು, "ದುರ್ಗಾ, ಇದೀಯಾ?"

ಶಂಕ್ರಮ್ಮ ಅದನ್ನು ಬಾಯಿ ಹತ್ತಿರ ಹಿಡಿದಳು. "ಇಬ್ಬರಿದೀವಿ ಕಣಮ್ಮ. ಮಾತಾಡ್ರಿ."